ಕಿವಿನೋವಿಗೆ ಕಿವಿಯೇ ಕಾರಣವೆ?

ಕಿರುಬೆರಳಿನ ತುದಿಯನ್ನು ಕಿವಿಯ ದ್ವಾರದಲ್ಲಿ ಮೆಲ್ಲನೆ ಇರಿಸಿ ಬಾಯನ್ನು ತೆರೆದು ಮುಚ್ಚಿದರೆ, ಮೂಳೆಯೊಂದು ಚಲಿಸುವುದು ಬೆರಳಿಗೆ ತಿಳಿಯುವುದು. ಅದು ಕೆಳದವಡೆಯ ತುದಿ. ದವಡೆಯ ಕೀಲು ಕಿವಿಯ ನಾಳಕ್ಕೆ ಅಷ್ಟು ಸಮೀಪದಲ್ಲಿದೆ. ಕೀಲಿನ ನೋವನ್ನು ಮಿದುಳಿಗೆ ಒಯ್ಯುವ ನರವೇ ಕಿವಿಯ ನಾಳದ ಒಂದು ಭಾಗಕ್ಕೂ ಶಾಖೆಯನ್ನು ಕಳುಹಿಸುತ್ತದೆ. ಆದುದರಿಂದ ಕೀಲಿನಲ್ಲಿ ಉರಿಯೂತವುಂಟಾದಾಗ ರೋಗಿಯು ಕಿವಿ ನೋಯುತ್ತದೆ, ಕಿವಿ ಕಟ್ಟಿದೆ ಎಂದು ಹೇಳುವುದು ಆಶ್ಚರ್ಯವಲ್ಲ.

ಹಾಗಾದರೆ ಈ ರೋಗದಿಂದ ಕಿವುಡುತನವೂ ಬರುವುದೆ? ಬರುವುದೆಂದು 1934ರಲ್ಲಿ ಅಮೆರಿಕದ ವೈದ್ಯ ಜೇಮ್ಸ್ ಕಾಸ್ಟೆನ್ 11 ಮಂದಿ ರೋಗಿಗಳ ಆಧಾರದ ಮೇಲೆ ವಾದಿಸಿದರು. ಹಲ್ಲುಗಳು ಬಿದ್ದುಹೋದಾಗ ದವಡೆಯು ಸ್ಥಾನ ತಪ್ಪಿ ಕಿವಿಯ ಭಾಗಗಳನ್ನು ಒತ್ತುವುದೆಂಬುದು ಅವರ ಊಹೆ. ಮುಂದೆ ಅಂಗರಚನಾ ಶಾಸ್ತ್ರಜ್ಞರು ಇದನ್ನು ಒಪ್ಪಲಿಲ್ಲ. 1962ರಲ್ಲಿ ಪಿಂಟೊ ಎಂಬ ವಿದ್ವಾಂಸರು ಕೀಲಿನಿಂದ ನಡುಗಿವಿಯ ಸುತ್ತಿಗೆ ಮೂಳೆಗೆ ಹೋಗುವ ಸಣ್ಣ ತಂತುವೊಂದನ್ನು ವರ್ಣಿಸಿದರು. ಆದರೆ ಅದರ ಎಳೆತದಿಂದ ಶ್ರವಣವು ಕುಂದುವುದೆಂಬುದು ಇಂದಿಗೂ ಸಿದ್ಧವಾಗಿಲ್ಲ. ಕೀಲುಗಳನ್ನು ಸವೆಸುವ ರುಮಟಾಯ್ಡ್ ಸಂಧಿವಾತದಲ್ಲಿ ದವಡೆಯ ಕೀಲೂ ಕೆಡಬಹುದು, ಒಳಗಿವಿಯೂ ಕೆಡಬಹುದು. ಎರಡೂ ಒಂದೇ ರೋಗದ ಫಲಗಳಾಗಿರುವಾಗ ಒಂದು ಮತ್ತೊಂದಕ್ಕೆ ಕಾರಣವೆಂದು ಹೇಳುವುದು ತರ್ಕಸಮ್ಮತವಲ್ಲ.

ಸಾಮೀಪ್ಯವನ್ನೇ ಕಾರಣವೆಂದು ಭಾವಿಸುವುದು ಎಷ್ಟು ತಪ್ಪೋ, ಸಾಮೀಪ್ಯವನ್ನು ಮರೆಯುವುದೂ ಅಷ್ಟೇ ತಪ್ಪು ಎಂಬುದು ನನ್ನ ಅಭಿಪ್ರಾಯ. ನಮ್ಮ ಹಳ್ಳಿಗಳಲ್ಲಿ ಕಿವಿನೋವೆಂದೊಡನೆ ಕಿವಿಗೆ ಬೆಚ್ಚನೆಯ ಎಣ್ಣೆ ಬಿಡುವ ರೂಢಿಯುಂಟು. ಆ ಎಣ್ಣೆಯು ಕೀಲನ್ನು ಮುಟ್ಟಲಾರದು; ತಮಟೆಯಲ್ಲಿ ರಂಧ್ರವಿದ್ದರಂತೂ ಅದರಿಂದ ಹಾನಿಯೇ ಹೆಚ್ಚು. ವೈದ್ಯರು ಪರೀಕ್ಷಿಸಿ ಕಿವಿಯು ನಿರ್ದುಷ್ಟವೆಂದು ಹೇಳಿದ ಮೇಲೂ ನೋವು ಉಳಿದರೆ, ಅಗಿಯುವಾಗ ನೋವಿದೆಯೆ, ಬಾಯಿ ಪೂರ್ತಿ ತೆರೆಯುವುದೆ, ಕೀಲಿನಲ್ಲಿ ಸದ್ದಾಗುವುದೆ ಎಂದು ನೋಡತಕ್ಕದ್ದು. ಮೆದು ಆಹಾರ, ಬಿಸಿ ಶಾಖ, ಹಲ್ಲು ಕಡಿಯದಿರುವುದು ಇಷ್ಟರಿಂದಲೇ ಅನೇಕರಿಗೆ ಗುಣ ಕಾಣುವುದು.

ಆದರೆ ಶ್ರವಣವು ಮಂದವಾಗಿದೆಯೆಂಬ ಸಂದೇಹ ಬಂದಲ್ಲಿ ಊಹೆ ಸಾಲದು, ಅಳತೆ ಬೇಕು. ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯ ವಿದ್ಯಾರ್ಥಿಗೆ ಜಿಲ್ಲಾ ಕೇಂದ್ರವಾದ ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಒಂದು ಕಿವಿ ಹಠಾತ್ತಾಗಿ ಕೇಳದಂತಾದರಂತೂ ದವಡೆಯನ್ನು ದೂರುತ್ತ ಕಾಲ ಕಳೆಯಲಾಗದು. ಅದಕ್ಕೆ ಚಿಕಿತ್ಸೆಯು ಕೆಲವೇ ದಿನಗಳೊಳಗೆ ಆರಂಭವಾಗಬೇಕು. ತಡಮಾಡಿದರೆ ಹೋದ ಶ್ರವಣವು ಮರಳದೆ ಇರಬಹುದು.