ಕೂಲಿಗಾರರ ವಿಷಯ ಓದಲು ಕಾಲೇಜೇಕೆ?

"ಕೂಲಿ ಮಾಡೋರ ಕಷ್ಟ ತಿಳ್ಕೊಳ್ಳೋಕೆ ಎಂ.ಎ. ಓದ್ಬೇಕಾ ಸ್ವಾಮಿ? ಇವಳ ಅಮ್ಮನ್ನ ಕೇಳಿದ್ರೆ ಸಾಲ್ದಾ?"

ಜರಗನಹಳ್ಳಿಯ ಚಿಲ್ಲರೆ ಅಂಗಡಿಯವರೊಬ್ಬರು ಈಚೆಗೆ ನಮ್ಮನ್ನು ಕೇಳಿದ ಪ್ರಶ್ನೆ ಇದು. ಅವರ ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಮಗಳು ಬಿ.ಎ. ಮುಗಿಸಿದ್ದಾಳೆ. ಕಾರ್ಮಿಕ ಚಳವಳಿ, ಜನಸಂಘಟನೆ, ಸರ್ಕಾರದ ನೀತಿ ಇವುಗಳನ್ನೇ ಮುಂದೆ ಓದುವೆನೆಂದು ಹಟ ಹಿಡಿದಿದ್ದಾಳೆ. ತಂದೆಯ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ನಮ್ಮ ಸಂಘಗಳಲ್ಲಿಯೂ ಓದಿದವರನ್ನು ಕಂಡರೆ ಒಳಗೊಳಗೇ ಅನುಮಾನವುಂಟು.

ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರ ರಸ್ತೆಯ ಪಕ್ಕದ ಈ ಹಳ್ಳಿಯನ್ನು ನಗರವು ಎಂದೋ ನುಂಗಿದೆ. ಮಗ್ಗುಲಲ್ಲಿಯೇ ಜಯಪ್ರಕಾಶ ನಗರ. ಅದನ್ನು ಜೆ.ಪಿ. ನಗರವೆಂದು ಮೊಟಕು ಮಾಡಿ ಬಾಡಿಗೆ ಮನೆ ಹುಡುಕುವವರಿಗೆ ಆ ಜೆ.ಪಿ. ಯಾರೆಂಬುದು ನೆನಪಿರುವುದು ಕಡಿಮೆ. ಜಯಪ್ರಕಾಶ ನಾರಾಯಣರು 1922ರಲ್ಲಿ ಅಮೆರಿಕಕ್ಕೆ ಹೋದರು. ಹಣ್ಣಿನ ತೋಟಗಳಲ್ಲಿ ಕೂಲಿ ಮಾಡಿದರು, ಹೋಟೆಲಿನಲ್ಲಿ ತಟ್ಟೆ ತೊಳೆದರು. 1929ರಲ್ಲಿ ಸಮಾಜಶಾಸ್ತ್ರದ ಎಂ.ಎ. ಪಡೆದು ಹಿಂದಿರುಗಿದರು. ಬಂದವರು ಕಾಂಗ್ರೆಸ್ಸಿನ ಕಾರ್ಮಿಕ ಸಂಶೋಧನಾ ವಿಭಾಗವನ್ನು ವಹಿಸಿಕೊಂಡರು. ಸ್ವಾತಂತ್ರ್ಯದ ನಂತರ ಅಖಿಲ ಭಾರತ ರೈಲ್ವೆ ನೌಕರರ ಮಹಾಮಂಡಲದ ಅಧ್ಯಕ್ಷರಾದರು. ಓದೂ ಕೂಲಿಯೂ ಒಂದೇ ಮೈಯಲ್ಲಿ ಕೂಡಿದ್ದವು.

ಆದರೆ ಓದು ನಮಗೆ ಏಕೆ ಬೇಕು? 2016ರ ಏಪ್ರಿಲ್ 18 ಮತ್ತು 19ನ್ನು ನೆನೆಯಿರಿ. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷವಾಗುವ ತನಕ ತೆಗೆಯುವಂತಿಲ್ಲವೆಂದು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಹತ್ತು ವರ್ಷ ಹೊಲಿಗೆಯಂತ್ರದ ಮುಂದೆ ಕೂತು ಬೆನ್ನು ಮುರಿದುಕೊಂಡ ಹೆಣ್ಣುಮಗಳಿಗೆ ಆ ಹಣವೇ ಮಗಳ ಮದುವೆ, ಅದೇ ಸಾಲದ ತೀರುವಳಿ. ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಬೊಮ್ಮನಹಳ್ಳಿಯಲ್ಲಿ, ಹೊಸೂರು ರಸ್ತೆಯಲ್ಲಿ ಬೀದಿಗಿಳಿದರು. ಲಾಠಿ ಬಿತ್ತು. 19ರಂದೇ ಸರ್ಕಾರ ನಿಯಮವನ್ನು ಹಿಂತೆಗೆಯಿತು. ಆದರೆ ಆ ನಿಯಮ ಹೊರಬಿದ್ದದ್ದು ಫೆಬ್ರವರಿ 10ರಂದು! ಎರಡು ತಿಂಗಳ ಕಾಲ ಅದನ್ನು ಓದಿ, ಬಿಡಿಸಿ, ಕಾರ್ಖಾನೆಯ ಬಾಗಿಲಿಗೆ ತಂದು ಹೇಳುವವರು ಸಾಕಷ್ಟು ಇದ್ದಿದ್ದರೆ ಬೀದಿಯಲ್ಲಿ ಪೆಟ್ಟು ತಿನ್ನಬೇಕಾಗಿತ್ತೆ?

ಈಗಿನ ಗಂಡಾಂತರ ಅದಕ್ಕಿಂತ ದೊಡ್ಡದು. 29 ಕಾರ್ಮಿಕ ಕಾಯಿದೆಗಳನ್ನು ನಾಲ್ಕು ಸಂಹಿತೆಗಳಲ್ಲಿ ಅಡಕಮಾಡಿ 2025ರ ನವೆಂಬರ್ 21ರಿಂದ ಜಾರಿಗೆ ತಂದಿದ್ದಾರೆ. ಯಾವ ಕಾರ್ಖಾನೆಯಲ್ಲಿಯೇ ಆಗಲಿ, ನೋಟೀಸು ಕೊಟ್ಟು 14 ದಿನ ಕಳೆಯದೆ ಮುಷ್ಕರ ಹೂಡುವಂತಿಲ್ಲ. ಹಿಂದೆ ಈ ಕಟ್ಟು ಸಾರ್ವಜನಿಕ ಸೇವೆಗಳಿಗೆ ಮಾತ್ರವಿತ್ತು. ಸರ್ಕಾರದ ಅಪ್ಪಣೆಯಿಲ್ಲದೆ ಆಳುಗಳನ್ನು ಕಡಿತಮಾಡಬಾರದೆಂಬ ರಕ್ಷಣೆ 100 ಜನರಿರುವ ಕಾರ್ಖಾನೆಗೂ ಇತ್ತು. ಈಗ 300 ಜನರಿರಬೇಕು. 250 ಜನ ದುಡಿಯುವ ಕಾರ್ಖಾನೆಯಲ್ಲಿ ಎಷ್ಟು ಮಂದಿಗೆ ಈ ಸಂಗತಿ ತಿಳಿದಿದೆ? ವ್ಯಾಪಾರಿ ಬಂಧುಗಳೂ ತಮಗೇನೆಂದು ಸುಮ್ಮನಿರಬೇಡಿ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯಂತೆ ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40 ಸ್ಥಾನಗಳಾದರೂ ಬೀದಿ ವ್ಯಾಪಾರಿಗಳಿಗೇ ಸೇರಬೇಕು, ಅದೂ ಚುನಾವಣೆಯಿಂದ.

ಆದ್ದರಿಂದ ಆ ಹುಡುಗಿ ಓದಲಿ ಎಂದೇ ನಾವು ಹೇಳಿದೆವು. ಓದುವ ಸ್ಥಳಗಳೂ ಇವೆ. ಮುಂಬಯಿಯಲ್ಲಿ 1936ರಿಂದ ನಡೆದುಬಂದಿರುವ ಟಾಟಾ ಸಮಾಜವಿಜ್ಞಾನ ಸಂಸ್ಥೆಯಿದೆ. ಬೆಂಗಳೂರಿನ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆ 2014ರಿಂದ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿ ಕೊಡುತ್ತಿದೆ. ಸರ್ಜಾಪುರದ ಬಳಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾನಿಲಯವಿದೆ. ನಮ್ಮ ತಕರಾರು ಬೇರೆ. ಅಲ್ಲಿಯ ಪಾಠ ಇಂಗ್ಲಿಷಿನಲ್ಲಿ, ಪ್ರಬಂಧ ಇಂಗ್ಲಿಷಿನಲ್ಲಿ. ಕೋಲಾರದ ಗಣಿ ಕೆಲಸಗಾರರನ್ನೂ ಬೆಂಗಳೂರಿನ ಗಿರಣಿ ಕೆಲಸಗಾರರನ್ನೂ ಕುರಿತು ಜಾನಕಿ ನಾಯರ್ ಅವರು 1998ರಲ್ಲಿ ಹೊರತಂದ ಒಳ್ಳೆಯ ಗ್ರಂಥವೂ ಇಂಗ್ಲಿಷಿನದೇ. ಬಿನ್ನಿ ಮಿಲ್ಲಿನಲ್ಲಿ ನೂಲು ತೆಗೆದವನು ತನ್ನ ಚರಿತ್ರೆಯನ್ನು ತಾನೇ ಓದಲಾರ. ಇದೆಂಥ ನ್ಯಾಯ?

ಬೇರೆ ದಾರಿ ಇಲ್ಲವೆನ್ನುವವರು ಸಾಗರ ತಾಲ್ಲೂಕಿನ ಕಾಗೋಡಿನ ಕಡೆ ನೋಡಲಿ. ಧಣಿಗಳ ಗೇಣಿಯ ಕೊಳಗದ ಅಳತೆಯ ಮೋಸದ ವಿರುದ್ಧ 1951ರಲ್ಲಿ ಎದ್ದ ಒಕ್ಕಲುಗಳನ್ನು ಸಂಘಟಿಸಿದ ಗಣಪತಿಯಪ್ಪನವರು ಶಾಲಾ ಮೇಷ್ಟರಾಗಿದ್ದವರು. ಆ ಸತ್ಯಾಗ್ರಹವನ್ನು ಶೋಧಿಸಿ ಕನ್ನಡದಲ್ಲಿ ಪುಸ್ತಕ ಬರೆದ ಜಿ. ರಾಜಶೇಖರ ಅವರು ಜೀವವಿಮಾ ನಿಗಮದ ನೌಕರರಾಗಿದ್ದವರು, ಪ್ರಾಧ್ಯಾಪಕರಲ್ಲ.

ನಮ್ಮ ಬೇಡಿಕೆ ಇಷ್ಟು. ಪಾಳಿ ಮುಗಿಸಿ ಬರುವವರಿಗೆ ಸಂಜೆಯ ತರಗತಿ ಬೇಕು. ಉತ್ತರವನ್ನೂ ಪ್ರಬಂಧವನ್ನೂ ಕನ್ನಡದಲ್ಲಿ ಬರೆಯುವ ಹಕ್ಕು ಬೇಕು. ಕೆಲಸಗಾರರನ್ನು ಪ್ರಶ್ನಿಸಿ ಬರೆದ ಪ್ರತಿಯೊಂದು ಪ್ರಬಂಧದ ಕನ್ನಡ ಸಾರಾಂಶವೂ ಆ ಕೆಲಸಗಾರರ ಸಂಘಕ್ಕೆ ಮುಟ್ಟಬೇಕು. ನಮ್ಮ ಸಂಘಗಳು ಸಹ ವಾರ್ಷಿಕೋತ್ಸವದ ಹಾರತುರಾಯಿಯ ಖರ್ಚನ್ನು ಒಂದು ವರ್ಷ ನಿಲ್ಲಿಸಿ ಒಬ್ಬ ವಿದ್ಯಾರ್ಥಿಯ ಶುಲ್ಕಕ್ಕೆ ಕೊಡಲಿ.

ಅಂಗಡಿಯವರು ಕೊನೆಗೆ ಒಪ್ಪಿದರು, ಒಂದು ಷರತ್ತಿನ ಮೇಲೆ. ಮಗಳು ಅಲ್ಲಿ ಓದಿದ್ದನ್ನು ಪ್ರತಿ ಭಾನುವಾರ ಅಮ್ಮನಿಗೂ ಅವರ ಲೈನಿನಲ್ಲಿ ಹೊಲಿಯುವ ಹೆಂಗಸರಿಗೂ ಅಂಗಡಿಯ ಜಗಲಿಯ ಮೇಲೆ ಕೂತು ಹೇಳಬೇಕು. ಟೀ ಖರ್ಚು ಅವರದೇ.