ಟ್ರಾನ್ಸ್‌ಫರ್ ಕೇಸ್ ಮನೆಯಲ್ಲೇ ಬದಲಿಸಬಹುದೇ? ‘ನಾಲ್ಕೇ ಬೋಲ್ಟ್’ ವಿಡಿಯೊಗಳಲ್ಲಿ ಕಾಣದ ಸಂಗತಿ

ಫೋರ್ ವೀಲ್ ಡ್ರೈವ್ ಗಾಡಿಯ ಸವೆದ ಟ್ರಾನ್ಸ್‌ಫರ್ ಕೇಸನ್ನು ಮನೆಯಂಗಳದಲ್ಲೇ ಒಂದು ದಿನದಲ್ಲಿ ಬದಲಿಸಬಹುದು, ಗ್ಯಾರೇಜಿಗೆ ಯಾಕೆ ದುಡ್ಡು ಸುರಿಯುತ್ತೀರಿ ಎನ್ನುವ ಬಗೆಯ ವಿಡಿಯೊಗಳು ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತವೆ. ಇದು ಸುಳ್ಳೇ? ಪೂರ್ತಿ ಅಲ್ಲ. ಕೈ ಪಳಗಿದವರು, ಸಲಕರಣೆ ಇದ್ದವರು ಮಾಡುತ್ತಾರೆ. ಆದರೆ ಆ ವಿಡಿಯೊಗಳಲ್ಲಿ ಬಿಟ್ಟುಹೋಗುವ ಒಂದೆರಡು ಸಂಗತಿ ಜೀವಕ್ಕೇ ಸಂಬಂಧಿಸಿದ್ದು.

ಗೇರ್‌ಬಾಕ್ಸ್‌ನಿಂದ ಬರುವ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯೇ ಟ್ರಾನ್ಸ್‌ಫರ್ ಕೇಸ್. ಮಡಿಕೇರಿ ಹತ್ತಿರದ ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಹೊತ್ತು ಏರುವ ಜೀಪುಗಳಲ್ಲಿ, ಮಲೆನಾಡಿನ ತೋಟದ ಗಾಡಿಗಳಲ್ಲಿ ಹೆಚ್ಚು ಬೆವರು ಸುರಿಸುವುದು ಇದೇ.

ಇದು ಸವೆಯುವುದು ಕೆಸರಿನಲ್ಲಿ ಎಂದುಕೊಂಡವರೇ ಹೆಚ್ಚು. ನಿಜವಾದ ಹಿಂಸೆ ಒಣ ಟಾರು ರಸ್ತೆಯಲ್ಲಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗಬೇಕು. ಆದರೆ ಬೇಕಾದಾಗ ಮಾತ್ರ ಹಾಕುವ ಫೋರ್ ವೀಲ್ ಡ್ರೈವ್‌ನಲ್ಲಿ ಎರಡೂ ಶಾಫ್ಟ್‌ಗಳು ಒಂದೇ ವೇಗಕ್ಕೆ ಬಿಗಿದಿರುತ್ತವೆ. ಕೆಸರಿನಲ್ಲಾದರೆ ಚಕ್ರ ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ. ಟಾರಿನ ಮೇಲೆ ಜಾರಲು ಜಾಗವಿಲ್ಲದೆ ಚೈನ್, ಗೇರ್, ಬೇರಿಂಗ್ ಎಲ್ಲದರ ಮೇಲೂ ಒತ್ತಡ ಕೂರುತ್ತದೆ. ‘ಹೈವೇಯಲ್ಲಿ ಫೋರ್ ವೀಲ್ ಹಾಕಿದರೆ ಹಿಡಿತ ಹೆಚ್ಚು’ ಎಂಬ ಫಾರ್ವರ್ಡ್ ಬಂದರೆ ಅಲ್ಲೇ ನಿಲ್ಲಿಸಿಬಿಡಿ. ಇನ್ನು ‘ಚೈನ್ ಹಿಗ್ಗಿದೆ’ ಎನ್ನುತ್ತಾರಲ್ಲ, ಕೊಂಡಿಗಳ ಪಿನ್ನು ಸವೆದು ಉದ್ದವಾಗುವುದೇ ಅದು. ಆಗ ಏರಿನಲ್ಲಿ ಚೈನ್ ಹಲ್ಲು ಹಾರಿ ಟಕ್ ಟಕ್ ಎನ್ನುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಸವೆದರೂ ಹೆಚ್ಚುಕಡಿಮೆ ಇಂಥದ್ದೇ ಸದ್ದು ಬರುವುದರಿಂದ ಮೊದಲು ಅದನ್ನು ಕೈಯಲ್ಲಿ ಅಲುಗಾಡಿಸಿ ನೋಡಬೇಕು. ಅದರ ಖರ್ಚು ತೀರಾ ಕಡಿಮೆ.

ಗಾಡಿ ಉರುಳುವುದು ಇಲ್ಲೇ

ಗೇರ್ ಹಾಕಿ ನಿಲ್ಲಿಸಿದ್ದೇವೆ, ಗಾಡಿ ಕದಲುವುದಿಲ್ಲ ಎಂಬ ನಂಬಿಕೆ ಈ ಕೆಲಸದಲ್ಲಿ ಕೈಕೊಡುತ್ತದೆ. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿದ್ದರೆ, ಅಥವಾ ಶಾಫ್ಟ್‌ಗಳನ್ನು ಬಿಚ್ಚಿದ್ದರೆ, ಗೇರ್‌ಬಾಕ್ಸ್‌ಗೂ ಚಕ್ರಗಳಿಗೂ ಸಂಬಂಧವೇ ಇರುವುದಿಲ್ಲ. ಹ್ಯಾಂಡ್ ಬ್ರೇಕ್? ಹಳೆಯ ವಿಲ್ಲಿಸ್ ಜೀಪು, ಲ್ಯಾಂಡ್ ರೋವರ್‌ಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ ಇರುವುದೇ ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಲ್ಲಿ. ಹಿಂದಿನ ಶಾಫ್ಟ್ ಬಿಚ್ಚಿದ ಕ್ಷಣವೇ ಅದು ಲೆಕ್ಕಕ್ಕಿಲ್ಲ. ಬೇರೆ ಗಾಡಿಗಳಲ್ಲಿ ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು. ಅವನ್ನೇ ಮೇಲೆತ್ತಿದ್ದರೆ ನೆಲದ ಮೇಲಿರುವ ಮುಂದಿನ ಚಕ್ರಗಳಿಗೆ ಯಾವ ತಡೆಯೂ ಇಲ್ಲ. ಅಡಿಯಲ್ಲಿ ಮಲಗಿದವರ ಗತಿ ಹೇಳಬೇಕಿಲ್ಲ.

ಹಾಗಾಗಿ ಸಮತಟ್ಟಾದ ಗಟ್ಟಿ ನೆಲ ಬೇಕು, ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆ ಅಡ್ಡಗಲ್ಲು ಬೇಕು. ಜಾಕ್ ಇರುವುದು ಎತ್ತಲು ಮಾತ್ರ. ಎತ್ತಿದ ಮೇಲೆ ಭಾರವನ್ನು ಚಾಸಿಯ ಕೆಳಗಿಟ್ಟ ಸ್ಟ್ಯಾಂಡ್‌ಗಳೇ ಹೊರಬೇಕು. ಹಾಲೋ ಬ್ಲಾಕ್ ಇಟ್ಟು ಕೆಲಸ ಮಾಡುವವರನ್ನು ನೋಡಿದ್ದೇವೆ. ಅದು ಸೂಚನೆ ಕೊಡದೆ ಒಡೆಯುತ್ತದೆ.

ಪೆಟ್ಟಿಗೆಯ ತೂಕವೂ ಕಡಿಮೆಯಲ್ಲ. ಅಲ್ಯೂಮಿನಿಯಂ ಕವಚದ್ದೇ 30 ಕೆ.ಜಿ. ದಾಟಬಹುದು, ಎರಕದ ಕಬ್ಬಿಣದ ಕೆಲವು 60 ಮೀರುತ್ತವೆ. ಎದೆಯ ಮೇಲೆ ಇಳಿಸಿಕೊಳ್ಳುವ ಸಾಹಸ ಬೇಡ. ಗೇರ್‌ಬಾಕ್ಸ್ ಜಾಕ್ ಬಾಡಿಗೆಗೆ ತನ್ನಿ, ಜೊತೆಗೆ ಇನ್ನೊಬ್ಬರಿರಲಿ. ಗೇರ್‌ಬಾಕ್ಸಿನ ಹಿಂಬದಿಯ ಆಸರೆ ಅಡ್ಡಪಟ್ಟಿಯ ಮೇಲಿರುವ ಗಾಡಿಯಾದರೆ, ಆ ಪಟ್ಟಿ ಬಿಚ್ಚುವ ಮೊದಲು ಗೇರ್‌ಬಾಕ್ಸಿಗೂ ಬೇರೆ ಆಧಾರ ಕೊಡಬೇಕು.

ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹಳೆಯದನ್ನು ಹುಡುಕುವವರು ಹೊರಗಿನ ಆಕಾರ ನೋಡಿ ಮೋಸಹೋಗಬಾರದು. ಒಳಬರುವ ಶಾಫ್ಟಿನ ಹಲ್ಲುಗಳ ಸಂಖ್ಯೆ, ಮುಂದಿನ ಶಾಫ್ಟ್ ಎಡಕ್ಕೋ ಬಲಕ್ಕೋ ಎಂಬುದು, ಸ್ಪೀಡೋಮೀಟರ್ ಜೋಡಣೆ ಮೂರೂ ಹೊಂದಬೇಕು. ಬಿಚ್ಚಿದ ಮೇಲೆ ಗೇರ್‌ಬಾಕ್ಸ್ ಕಡೆಯ ಆಯಿಲ್ ಸೀಲನ್ನೂ ಬದಲಿಸಿ. ಅಷ್ಟು ಅಗ್ಗದ ಸೀಲಿಗಾಗಿ ಎಲ್ಲವನ್ನೂ ಮತ್ತೆ ಇಳಿಸುವುದು ಯಾರಿಗೆ ಬೇಕು?

ಕೂರಿಸಿದ ಪೆಟ್ಟಿಗೆಯಲ್ಲಿ ಆಯಿಲ್ ಇದೆ ಎಂದುಕೊಳ್ಳಬೇಡಿ. ಕೆಲವಕ್ಕೆ ಗೇರ್ ಆಯಿಲ್, ಚೈನ್ ಇರುವ ಹಲವಕ್ಕೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತೆಳು ಆಯಿಲ್ ಬೇಕು. ಗಾಡಿಯ ಪುಸ್ತಕದಲ್ಲಿದ್ದದ್ದನ್ನೇ ಹಾಕಿ. ಸಾಮಾನ್ಯವಾಗಿ ಗಾಡಿ ಸಮತಟ್ಟಾಗಿ ನಿಂತಿರುವಾಗ ಮೇಲಿನ ರಂಧ್ರದಿಂದ ಹೊರಚೆಲ್ಲುವವರೆಗೆ ತುಂಬಬೇಕು. ಫೋರ್ ವೀಲ್ ಹಾಕಿ ಪರೀಕ್ಷಿಸುವುದು ಮಣ್ಣಿನ ಹಾದಿಯಲ್ಲಿ.