ದೇವರಿಗೆ ಅರ್ಜಿ ಬರೆಯುವುದನ್ನು ನಿಲ್ಲಿಸೋಣ

ಕ್ರೈಸ್ತ ಸಭೆಗಳಲ್ಲಿ ಬಳಸಿ ಬಳಸಿ ಸವೆದುಹೋಗಿರುವ ಮಾತೊಂದಿದೆ: ‘ದೇವರೊಂದಿಗೆ ವೈಯಕ್ತಿಕ ಸಂಬಂಧ’. ಭಾನುವಾರದ ಬೋಧನೆಯಲ್ಲಿ ಅದು ಕೇಳಿಸುತ್ತದೆ, ಯೂಟ್ಯೂಬಿನ ಪ್ರವಚನಗಳಲ್ಲಿ ಕೇಳಿಸುತ್ತದೆ, ಬೆಳಗಾಗುವ ಮುನ್ನವೇ ವಾಟ್ಸ್‌ಆ್ಯಪ್‌ನಲ್ಲಿ ಹೂವಿನ ಚಿತ್ರದೊಡನೆ ಬಂದು ಬೀಳುತ್ತದೆ. ಆ ಮಾತು ಸುಳ್ಳೆಂಬುದು ನನ್ನ ವಾದವಲ್ಲ. ಕ್ರೈಸ್ತ ನಂಬಿಕೆಯ ನಡುಗಂಬವೇ ಅದು. ಅದನ್ನು ಕಿತ್ತರೆ ಉಳಿಯುವುದು ಕಟ್ಟಡಗಳು ಮತ್ತು ಕಮಿಟಿಗಳು ಮಾತ್ರ. ನನ್ನ ತಕರಾರು ಬೇರೆ. ಸಂಬಂಧವೆಂಬ ಹೆಸರಿನಲ್ಲಿ ನಾವು ದೇವರೊಡನೆ ನಡೆಸುತ್ತಿರುವುದು ಸಂಬಂಧವಲ್ಲ, ಪತ್ರವ್ಯವಹಾರ.

ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತಗಳ ನಡುವೆಯೇ ನಡುವಯಸ್ಸನ್ನು ತಲುಪಿದವನಾದ್ದರಿಂದ ಅರ್ಜಿಯ ಚಹರೆಯನ್ನು ನಾನು ದೂರದಿಂದಲೇ ಗುರುತಿಸಬಲ್ಲೆ. ಮೊದಲು ಗೌರವಪೂರ್ವಕ ಸಂಬೋಧನೆ, ಅನಂತರ ಮೇಲಧಿಕಾರಿಯ ಔದಾರ್ಯದ ಸ್ಮರಣೆ, ಆಮೇಲೆ ವಿಷಯ, ಕೊನೆಗೆ ‘ಸಹಾನುಭೂತಿಯಿಂದ ಪರಿಶೀಲಿಸಬೇಕಾಗಿ ವಿನಂತಿ’. ಅರ್ಜಿಯಲ್ಲಿ ಸಿಟ್ಟಿಗೆ ಜಾಗವಿಲ್ಲ, ಸಂಶಯಕ್ಕೆ ಜಾಗವಿಲ್ಲ, ಬರೆದವನ ಮುಖಕ್ಕಂತೂ ಜಾಗವೇ ಇಲ್ಲ. ಇನ್ನು ನಮ್ಮ ಪ್ರಾರ್ಥನೆಯನ್ನು ನೋಡಿ. ಮೊದಲು ಸ್ತುತಿ, ಬಳಿಕ ಕೃತಜ್ಞತೆ, ಆಮೇಲೆ ಪಟ್ಟಿ: ಮಗಳ ಪ್ರವೇಶಪರೀಕ್ಷೆ, ಸಕ್ಕರೆ ಕಾಯಿಲೆ, ಊರಿನ ಕಡೆಗೊಂದು ವರ್ಗಾವಣೆ. ಕೊನೆಗೆ ‘ಆಮೆನ್’ ಎಂಬ ಸಹಿ. ಕೆಲಸ ಆಯಿತೋ, ಸಭೆಯ ಮುಂದೆ ನಿಂತು ಸಾಕ್ಷಿ ಹೇಳುತ್ತೇವೆ. ಆಗಲಿಲ್ಲವೋ, ದೇವರ ಸಮಯ ಇನ್ನೂ ಬಂದಿಲ್ಲವೆಂದು ಕಡತವನ್ನು ಬಾಕಿಯಲ್ಲಿಡುತ್ತೇವೆ. ಯಾರೂ ದನಿ ಎತ್ತರಿಸುವುದಿಲ್ಲ, ಯಾರೂ ಅಳುವುದಿಲ್ಲ. ಇದನ್ನು ಆಪ್ತತೆ ಎಂದು ಕರೆಯುವುದಾದರೆ ಸಂಬಳ ಬಟವಾಡೆಯ ಶಾಖೆಯೊಡನೆ ನನಗಿರುವುದೂ ಆಪ್ತತೆಯೇ.

ಹೊರನಾಡಿನ ಕನ್ನಡ ಕ್ರೈಸ್ತರಿಗೆ ಈ ಕಷ್ಟ ಇಮ್ಮಡಿ. ರೈಲ್ವೆಗೋ ಬ್ಯಾಂಕಿಗೋ ಕೊಯಲಿಯ ತೈಲ ಸಂಸ್ಕರಣಾಗಾರಕ್ಕೋ ವರ್ಗವಾಗಿ ವಡೋದರಾಕ್ಕೆ ಬಂದ ನಮ್ಮಂಥವರಿಗೆ ಭಾನುವಾರದ ಆರಾಧನೆ ದೊರೆಯುವುದು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ಇಲ್ಲವೇ ಗುಜರಾತಿಯಲ್ಲಿ. ದೊರೆತದ್ದಕ್ಕೆ ನಾನು ಋಣಿ. ಫತೇಗಂಜಿನ ಚರ್ಚುಗಳು ನಮ್ಮನ್ನು ಹೊರಗಿನವರೆಂದು ಕಂಡದ್ದಿಲ್ಲ. ಆದರೆ ಆರಾಧನೆಯ ಭಾಷೆ ಮನೆಯೊಳಕ್ಕೂ ನುಸುಳಿ ಊಟದ ಮೇಜಿನ ಪ್ರಾರ್ಥನೆಯನ್ನು ನುಂಗಿರುವುದು ಯಾರ ತಪ್ಪು? ಇಡೀ ದಿನ ಕನ್ನಡದಲ್ಲಿ ಜಗಳವಾಡುವ ಗಂಡಹೆಂಡಿರು ಕಣ್ಣು ಮುಚ್ಚಿದೊಡನೆ ‘ಫಾದರ್ ಗಾಡ್, ವಿ ಜಸ್ಟ್ ವಾಂಟ್ ಟು ಥ್ಯಾಂಕ್ ಯೂ’ ಎಂದು ಆರಂಭಿಸುತ್ತಾರೆ. ಆ ವಾಕ್ಯ ಅವರ ಬದುಕಿನಲ್ಲಿ ಬೇರೆಲ್ಲಿಯೂ ಬಳಕೆಯಾಗುವುದಿಲ್ಲ. ಬೇರಾರಿಗೂ ಆಡದ ಮಾತನ್ನು ಒಬ್ಬರಿಗೆ ಮಾತ್ರ ಆಡುವುದು ಕೆಲವೊಮ್ಮೆ ಪ್ರೀತಿಯ ಲಕ್ಷಣವಿರಬಹುದು. ಇಲ್ಲಿ ಅದು ಸಮವಸ್ತ್ರ.

ಸುವಾರ್ತೆಗಳನ್ನು ಬರೆದವರಿಗೆ ಈ ವಿಷಯ ನಮಗಿಂತ ಚೆನ್ನಾಗಿ ತಿಳಿದಿತ್ತು. ನಮಗೆ ಉಳಿದು ಬಂದಿರುವ ಸುವಾರ್ತೆಗಳು ಗ್ರೀಕಿನವು. ಅದು ಅಂದಿನ ಸಾಮ್ರಾಜ್ಯದ ಪೂರ್ವಭಾಗದ ವ್ಯವಹಾರಭಾಷೆ, ಇಂದಿನ ನಮ್ಮ ಇಂಗ್ಲಿಷಿನ ಹಾಗೆ. ಯೇಸು ಆಡುತ್ತಿದ್ದುದು ಗಲಿಲಾಯದ ಅರಮಾಯಿಕ್. ಮಾರ್ಕನು ಆತನ ಮಾತುಗಳನ್ನೆಲ್ಲ ಗ್ರೀಕಿಗೆ ತಿರುಗಿಸುತ್ತ ಹೋಗಿ, ಕೆಲವು ಕಡೆಗಳಲ್ಲಿ ಮಾತ್ರ ಅನುವಾದಕ್ಕೆ ಮುನ್ನ ಮೂಲದ ಸದ್ದನ್ನೇ ಇಡುತ್ತಾನೆ. ಆ ಕಡೆಗಳು ಯಾವುವು? ಸತ್ತಳೆಂದು ಎಲ್ಲರೂ ಕೈಬಿಟ್ಟಿದ್ದ ಹನ್ನೆರಡು ವರ್ಷದ ಹುಡುಗಿಯ ಕೈಹಿಡಿದು ಎಬ್ಬಿಸುವಾಗ ‘ತಲಿಥಾ ಕೂಮ್’. ಗೆತ್ಸೇಮನೆಯಲ್ಲಿ, ನಾಳೆಯ ಭಯದಲ್ಲಿ ನೆಲಕ್ಕೆ ಬಿದ್ದು ಪ್ರಾರ್ಥಿಸುವಾಗ ‘ಅಬ್ಬಾ’. ಶಿಲುಬೆಯ ಮೇಲೆ, ದೇವರು ತನ್ನ ಕೈಬಿಟ್ಟನೇಕೆಂದು ಕೂಗುವಾಗ ‘ಎಲೋಯಿ’. ಯೋಹಾನನ ಸುವಾರ್ತೆಯಲ್ಲಿ ಮಗ್ದಲದ ಮರಿಯಳು ಸಮಾಧಿಯ ಬಳಿ ನಿಂತವನನ್ನು ತೋಟಗಾರನೆಂದು ತಿಳಿಯುತ್ತಾಳೆ. ಆತ ಹೆಸರು ಹಿಡಿದು ಕರೆದಾಗ ಆಕೆಯ ಬಾಯಿಂದ ಹೊರಡುವ ‘ರಬ್ಬೂನಿ’ ಎಂಬುದೂ ಮನೆಮಾತೇ. ಇಲ್ಲೆಲ್ಲ ವ್ಯವಹಾರಭಾಷೆಯೊಂದೇ ಸಾಲದೆಂಬಂತೆ ಮೂಲದ ಸದ್ದು ಉಳಿದಿದೆ.

‘ಅಬ್ಬಾ’ ಎಂಬ ಪದವನ್ನೂ ನಾವು ನೆಟ್ಟಗೆ ಉಳಿಸಿಕೊಳ್ಳಲಿಲ್ಲ. ಅದು ಇಂಗ್ಲಿಷಿನ ‘ಡ್ಯಾಡಿ’ಗೆ ಸಮವೆಂದು ಪ್ರವಚನಕಾರರು ಇಂದಿಗೂ ಸಾರುತ್ತಿದ್ದಾರೆ. ಈ ಬಗೆಯ ವ್ಯಾಖ್ಯಾನ ನಿಲ್ಲದೆಂದು ಜೇಮ್ಸ್ ಬಾರ್ ಎಂಬ ವಿದ್ವಾಂಸರು 1988ರಷ್ಟು ಹಿಂದೆಯೇ ತೋರಿಸಿದ್ದರು. ಅರಮಾಯಿಕ್‌ನಲ್ಲಿ ಬೆಳೆದ ಮಕ್ಕಳೂ ತಂದೆಯನ್ನು ಹಾಗೆಯೇ ಕರೆಯುತ್ತಿದ್ದರು. ಕನ್ನಡಿಗನಿಗೆ ಇದನ್ನು ವಿವರಿಸಲು ವಿದ್ವಾಂಸರೂ ಬೇಕಿಲ್ಲ. ನಮ್ಮಲ್ಲಿ ‘ಅಪ್ಪ’ ಇದೆ. ನಾಲ್ಕು ವರ್ಷದ ಮಗು ಕರೆಯುವುದೂ ಅಪ್ಪ, ನಲವತ್ತೈದು ವರ್ಷದ ಮಗ ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕುಳಿತು ಕರೆಯುವುದೂ ಅಪ್ಪ. ಅದರಲ್ಲಿ ಮುದ್ದೂ ಇದೆ, ಗೌರವವೂ ಇದೆ, ಮುನಿಸಿಗೆ ಜಾಗವೂ ಇದೆ. ಇಂಥ ಪದವನ್ನು ಬಾಯಲ್ಲಿಟ್ಟುಕೊಂಡು ‘ಡ್ಯಾಡಿ’ಯನ್ನು ಎರವಲು ತರುವುದು ಬುದ್ಧಿವಂತಿಕೆಯಲ್ಲ.

ಸರ್ವನಾಮದ ಕಥೆಯೂ ಇಂಥದ್ದೇ. ಇಂಗ್ಲಿಷಿಗೆ ಒಂದು ಕಾಲದಲ್ಲಿ ‘ದೌ’ ಎಂಬ ಏಕವಚನವಿತ್ತು. 1611ರ ಬೈಬಲಿನಲ್ಲಿ ದೇವರಿಗೂ ಸೇವಕನಿಗೂ ಅದೇ ಪದ. ಆಡುಮಾತಿನಿಂದ ಅದು ಮರೆಯಾಗಿ ಚರ್ಚಿನಲ್ಲಿ ಮಾತ್ರ ಉಳಿದದ್ದರಿಂದ ಇಂದಿನ ಇಂಗ್ಲಿಷ್ ಓದುಗರಿಗೆ ಅದು ಭಾರಿ ಮರ್ಯಾದೆಯ ಪದದಂತೆ ಕೇಳಿಸುತ್ತದೆ. ಆಪ್ತರ ನಡುವಿನ ಸಲುಗೆಯ ಪದವೇ ದರ್ಬಾರಿನ ಪೋಷಾಕು ತೊಟ್ಟಿತು. ಕನ್ನಡಕ್ಕೆ ಈ ನಷ್ಟ ಆಗಿಲ್ಲ. ದೇವರ ಬಗ್ಗೆ ಮಾತಾಡುವಾಗ ನಾವು ‘ದೇವರು’ ಎನ್ನುತ್ತೇವೆ, ಹೆಸರಿನಲ್ಲೇ ಗೌರವದ ‘ರು’ ಸೇರಿದೆ. ದೇವರೊಡನೆ ಮಾತಾಡುವಾಗ ‘ನೀನು’ ಎನ್ನುತ್ತೇವೆ. ಹಿಂದಿನಿಂದ ಗೌರವ, ಎದುರಿಗೆ ಸಲುಗೆ. ಕಚೇರಿಯಲ್ಲಿ ಇದಕ್ಕೆ ನೇರ ತಿರುವು: ಎದುರಿಗೆ ‘ತಾವು’, ಬೆನ್ನ ಹಿಂದೆ ‘ಅವನು’. ಯಾವುದು ಸಂಬಂಧ, ಯಾವುದು ಅಧಿಕಾರ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ದೇವತಾಶಾಸ್ತ್ರವೂ ಹೇಳಲಾರದು. ನಮ್ಮ ಸುತ್ತಲಿನ ಗುಜರಾತಿ ಮನೆಗಳಲ್ಲಿಯೂ ತಾಯಿಗೆ ‘ತುಂ’ ಎನ್ನುವುದು, ತಂದೆಗೆ ‘ತಮೆ’ ಎನ್ನುವುದು ಸಾಮಾನ್ಯ ರೂಢಿ. ದೇವರಿಗೆ ಅಲ್ಲಿಯೂ ‘ತುಂ’ ಸಲ್ಲುತ್ತದೆ.

ಈ ಸಲುಗೆಯ ನಿಜವಾದ ಪರೀಕ್ಷೆ ಹೊಗಳಿಕೆಯಲ್ಲಿ ನಡೆಯುವುದಿಲ್ಲ, ದೂರಿನಲ್ಲಿ ನಡೆಯುತ್ತದೆ. ನೂರೈವತ್ತು ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಶೋಕದ, ದೂರಿನ ಗೀತೆಗಳೆಂದು ವಿದ್ವಾಂಸರು ಎಣಿಸುತ್ತಾರೆ. ಎಂಬತ್ತೆಂಟನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಯಲ್ಲೊಂದು ಸಮಾಧಾನದ ಸಾಲನ್ನು ಅಂಟಿಸುವ ಅವಸರ ಅದಕ್ಕಿಲ್ಲ. ಯೆರೆಮೀಯನು ದೇವರು ತನ್ನನ್ನು ಮರುಳುಮಾಡಿದನೆಂದು ಮುಖಕ್ಕೇ ಹೇಳುತ್ತಾನೆ. ಯೋಬನ ಕಥೆಯಲ್ಲಿ ದೇವರ ಪರವಾಗಿ ಅಚ್ಚುಕಟ್ಟಾಗಿ ವಾದಿಸುವವರು ಅವನ ಗೆಳೆಯರು, ದೇವರೊಡನೆ ಜಗಳಕ್ಕಿಳಿಯುವವನು ಯೋಬ. ಕೊನೆಯಲ್ಲಿ ದೇವರು ಕೋಪಿಸಿಕೊಳ್ಳುವುದು ಆ ಗೆಳೆಯರ ಮೇಲೆ. ತನ್ನ ವಿಷಯವಾಗಿ ಸರಿಯಾಗಿ ಮಾತಾಡಿದವನು ಯೋಬನೇ ಎಂದು ತೀರ್ಪು ಕೊಡುತ್ತಾನೆ. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಓದಿದ ಜೆಸ್ವಿಟ್ ಕವಿ ಹಾಪ್ಕಿನ್ಸ್ ತಾನು ಸಾಯುವ ವರ್ಷವಾದ 1889ರಲ್ಲಿ ಬರೆದ ಸಾನೆಟ್ಟೊಂದರಲ್ಲಿ ದೇವರ ಮೇಲೆ ವ್ಯಾಜ್ಯ ಹೂಡುತ್ತಾನೆ, ದುಷ್ಟರೇ ಏಕೆ ಏಳಿಗೆಯಾಗುತ್ತಾರೆಂದು ಕೇಳುತ್ತಾನೆ. ಅವನು ಬಳಸುವ ಸಂಬೋಧನೆಗಳಲ್ಲಿ ‘ಸರ್’ ಎಂಬುದೂ ಒಂದು. ಅರ್ಜಿಯ ಪದವನ್ನೇ ಹಿಡಿದು ಅರ್ಜಿಯ ಕಟ್ಟನ್ನು ಒಡೆಯುವ ಧೈರ್ಯ ಅದು.

ಕನ್ನಡಿಗರಿಗೆ ಇದು ಹೊಸದೇ? ದಾಸರು ವಿಠಲನನ್ನು ಹಂಗಿಸಿದ ಹಾಡುಗಳಿಗೆ ನಿಂದಾಸ್ತುತಿಯೆಂಬ ಹೆಸರೇ ಇದೆ. ವಚನಕಾರರಲ್ಲಿ ಪ್ರತಿಯೊಬ್ಬರಿಗೂ ತಮ್ಮ ದೇವರನ್ನು ಕರೆಯಲು ತಮ್ಮದೇ ಅಂಕಿತವಿತ್ತು. ಇಲ್ಲಿ ಗುಜರಾತಿನಲ್ಲಿ ನರಸಿಂಹ ಮೆಹ್ತಾ ದೇವರ ಹೆಸರಿಗೇ ಹುಂಡಿ ಬರೆದು, ತೀರಿಸುವ ಹೊಣೆಯನ್ನು ಅವನ ಮೇಲೆ ಹಾಕಿದ ಕಥೆಯನ್ನು ಇಂದಿಗೂ ಹಾಡುತ್ತಾರೆ. ಈ ನೆಲದ ಕ್ರೈಸ್ತರು ಇವರಿಂದ ಸಿದ್ಧಾಂತವನ್ನು ಕಡ ತರಬೇಕಾಗಿಲ್ಲ. ಜಗಳವಾಡುವಷ್ಟು ಹತ್ತಿರ ನಿಲ್ಲಬಹುದೆಂಬ ಧೈರ್ಯವನ್ನು ಕಲಿತರೆ ಸಾಕು. ಅದು ನಮ್ಮ ಕೀರ್ತನೆಗಳ ಪುಸ್ತಕದಲ್ಲೇ ಇದ್ದು, ನಾವು ಓದದೆ ಹಾರಿಸುವ ಪುಟಗಳಲ್ಲಿ ಉಳಿದುಹೋಗಿದೆ.

ದೇವರಿಗೆ ಎಲ್ಲ ಭಾಷೆಯೂ ತಿಳಿದಿರುವಾಗ ಈ ಹಟವೇಕೆ ಎಂದು ಕೇಳುವವರಿದ್ದಾರೆ. ದೇವರಿಗೆ ತಿಳಿಯುತ್ತದೆ, ನಿಜ, ತಿಳಿಯದಿರುವುದು ನಮಗೆ. ಕಲಿತ ಭಾಷೆಯಲ್ಲಿ ಮನುಷ್ಯ ತಾನು ಹೇಳಬಲ್ಲದ್ದನ್ನು ಹೇಳುತ್ತಾನೆ, ಮನೆಮಾತಿನಲ್ಲಿ ಹೇಳಬಾರದೆಂದುಕೊಂಡದ್ದೂ ಜಾರಿ ಹೊರಬೀಳುತ್ತದೆ. ಆ ಜಾರಿ ಬಿದ್ದದ್ದೇ ಪ್ರಾರ್ಥನೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ವಡೋದರಾದಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳ ಗತಿಯೇನು? ಅವರು ಗೆಳೆಯರೊಡನೆ ಜಗಳವಾಡುವುದು ಗುಜರಾತಿಯಲ್ಲಿ, ಕನಸು ಕಾಣುವುದು ಹಿಂದಿಯಲ್ಲಿ. ಅವರಿಗೆ ಕನ್ನಡದ ಕರ್ತನ ಪ್ರಾರ್ಥನೆಯನ್ನು ಬಾಯಿಪಾಠ ಮಾಡಿಸಿ ಅಭಿಮಾನಪಟ್ಟರೆ ನಾವು ಇನ್ನೊಂದು ನಮೂನೆಯ ಅರ್ಜಿಯನ್ನು ಅಚ್ಚುಹಾಕಿದಂತಾಯಿತು, ಅಷ್ಟೇ. ಆ ಮಗು ಗುಜರಾತಿಯಲ್ಲಿಯೇ ದೇವರ ಮೇಲೆ ಮುನಿಸಿಕೊಳ್ಳಲಿ. ಪಕ್ಕದಲ್ಲಿ ಕುಳಿತ ಅಪ್ಪ ಅಮ್ಮ ಕನ್ನಡದಲ್ಲಿ ಅಳುವುದನ್ನೂ ಅದು ಕೇಳಲಿ. ನಾನು ಕೇಳುತ್ತಿರುವುದು ಭಾಷಾಭಿಮಾನವನ್ನಲ್ಲ, ಬಾಯಿಗೂ ಎದೆಗೂ ನಡುವಿನ ದಾರಿ ತೆರೆದಿರಬೇಕೆಂಬುದನ್ನು.

ಹೀಗೆ ಇನ್ನೊಬ್ಬರ ಮನೆಮಾತನ್ನು ಗೌರವಿಸಿದವರ ಉದಾಹರಣೆಗಳು ನಮ್ಮಲ್ಲಿವೆ. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ 1894ರ ನಿಘಂಟಿಗಿಂತ ಮೂರು ದಶಕ ಮೊದಲೇ, 1862ರಲ್ಲಿ, ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿಗೆ ಇಳಿಸಿದರು. ಸ್ಪೇನಿನಲ್ಲಿ ಹುಟ್ಟಿ, ಅಹಮದಾಬಾದಿನ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಗಣಿತ ಕಲಿಸಿದ ಫಾದರ್ ವಾಲೇಸ್ ಗುಜರಾತಿ ಪ್ರಬಂಧಗಳಿಗಾಗಿ 1978ರಲ್ಲಿ ರಣಜಿತರಾಮ್ ಸುವರ್ಣಪದಕ ಪಡೆದರು. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಅವರು ತಮ್ಮ ವಸತಿಗೃಹವನ್ನು ಬಿಟ್ಟು ಹಳೆಯ ಊರಿನ ಪೋಳ್‌ಗಳಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಅತಿಥಿಯಾಗಿ ಅಲೆಯುತ್ತ ವರ್ಷಗಟ್ಟಲೆ ಬಾಳಿದರು. ದೇವರೊಡನೆ ಆಪ್ತನಾಗಿರುವ ಮನುಷ್ಯನಿಗೆ ನೆರೆಯವನ ಜಗುಲಿ ದೂರವಾಗಿರುವುದಿಲ್ಲ.

‘ವೈಯಕ್ತಿಕ’ ಎಂಬ ವಿಶೇಷಣದ ಅತಿ ದೊಡ್ಡ ಮೋಸ ಇರುವುದು ಇಲ್ಲಿಯೇ. ಅದು ಆಪ್ತ ಎಂಬ ಅರ್ಥದಿಂದ ಮೆಲ್ಲಗೆ ಜಾರಿ ಖಾಸಗಿ ಎಂಬ ಅರ್ಥಕ್ಕೆ ಬಂದು ಕುಳಿತಿದೆ. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯನ್ನು ಮೊದಲಿಂದ ಕೊನೆಯವರೆಗೆ ಹುಡುಕಿದರೂ ‘ನಾನು’ ಸಿಗುವುದಿಲ್ಲ, ‘ನನಗೆ’ ಸಿಗುವುದಿಲ್ಲ. ಎಲ್ಲವೂ ‘ನಾವು’, ‘ನಮ್ಮ’, ‘ನಮಗೆ’. ಕೋಣೆಯ ಬಾಗಿಲು ಮುಚ್ಚಿ ಪ್ರಾರ್ಥಿಸಲು ಹೇಳಿದ ಆತನೇ, ಮುಚ್ಚಿದ ಬಾಗಿಲ ಹಿಂದೆಯೂ ಬಹುವಚನದಲ್ಲಿ ಮಾತಾಡಲು ಕಲಿಸಿದ. ಕಣ್ಣಿಗೆ ಕಾಣುವ ಸಹೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರನೆಂದು ಯೋಹಾನನ ಪತ್ರ ಕೇಳಿಸುವ ಸವಾಲಿಗೆ, ನಾವು ಬೆಳಗ್ಗೆ ಕಳೆಯುವ ಹದಿನೈದು ನಿಮಿಷದ ಮೌನಧ್ಯಾನದ ಲೆಕ್ಕ ಉತ್ತರವಾಗಲಾರದು.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಇಂದು ರಾತ್ರಿ ಸ್ತುತಿಯನ್ನೂ ಪಟ್ಟಿಯನ್ನೂ ಬದಿಗಿಡಿ. ನೀವು ಯಾವ ಭಾಷೆಯಲ್ಲಿ ತಾಯಿಯೊಡನೆ ಜಗಳವಾಡಿದ್ದಿರೋ ಆ ಭಾಷೆಯಲ್ಲಿ, ‘ನೀನು’ ಎಂದು ಕರೆದು, ಬಹುಕಾಲದಿಂದ ಹೇಳದೆ ಉಳಿಸಿಕೊಂಡ ಒಂದು ದೂರನ್ನು ದೇವರ ಮುಂದೆ ಹೇಳಿ. ಉತ್ತರ ಬರದಿದ್ದರೆ ಮರುದಿನ ಮತ್ತೆ ಹೇಳಿ. ಅರ್ಜಿಗೆ ವಿಲೇವಾರಿಯುಂಟು, ಸಂಬಂಧಕ್ಕೆ ಅದಿಲ್ಲ.